ಕಡಲೊಳಗಿನ ಕೊಳವೆ ನಡುಗುವುದೇಕೆ, ಲೆಕ್ಕ ತಪ್ಪುವುದೆಲ್ಲಿ

ಪಾದೂರಿನ ಭೂಗತ ಸಂಗ್ರಹಾಗಾರ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತದೆ, ಮಂಗಳೂರಿನದು 15 ಲಕ್ಷ ಟನ್. ಅತಿ ದೊಡ್ಡ ತೈಲ ಹಡಗುಗಳು ಬಂದರಿನೊಳಗೆ ಬರಲಾರವು. ಅವು ಮಂಗಳೂರಿನಾಚೆ ಕಡಲಲ್ಲಿ ತೇಲುವ ಎಸ್‌ಪಿಎಂ ಬೋಯ್‌ಗೆ ಕಟ್ಟಿಕೊಂಡು ತೈಲ ಇಳಿಸುತ್ತವೆ, ಸಮುದ್ರತಳದ ಕೊಳವೆ ಅದನ್ನು ದಡಕ್ಕೆ ತರುತ್ತದೆ. ಇಂಥ ಯಾವುದೇ ಕೊಳವೆಯ ಅಡಿಯ ಮರಳು ಕೊರೆದುಹೋದರೆ ಅಷ್ಟುದ್ದ ಭಾಗ ಆಸರೆಯಿಲ್ಲದೆ ನಿಲ್ಲುತ್ತದೆ. ನೀರಿನ ಸೆಳೆತಕ್ಕೆ ಅದು ನಡುಗುತ್ತದೆಯೇ, ನಡುಗಿದರೆ ಎಷ್ಟು ವರ್ಷ ಬಾಳುತ್ತದೆ? ಈ ಪ್ರಶ್ನೆಗೆ ಎರಡು ಸಾಫ್ಟ್‌ವೇರ್‌ಗಳು ಹತ್ತು ಪಟ್ಟು ಅಂತರದ ಉತ್ತರ ಕೊಡುವುದು ಇಂದಿಗೂ ಅಪರೂಪವಲ್ಲ.

ಮಲ್ಪೆ, ಗಂಗೊಳ್ಳಿಯ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಬಿಗಿದ ಲಂಗರು ಹಗ್ಗವನ್ನು ಮುಟ್ಟಿದವರಿಗೆ ಈ ನಡುಕ ಗೊತ್ತು. ದುಂಡನೆಯ ವಸ್ತುವನ್ನು ದಾಟುವ ನೀರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ. ಪ್ರತಿ ಸುಳಿಯೂ ವಸ್ತುವನ್ನು ಅತ್ತಿತ್ತ ಎಳೆಯುತ್ತದೆ. ಗಾಳಿಗೆ ತಂತಿ ಹಾಡುವುದನ್ನು 1878ರಲ್ಲಿ ಪರೀಕ್ಷಿಸಿದ ಸ್ಟ್ರೌಹಾಲ್ ಅವರ ಹೆಸರಿನ ಸಂಖ್ಯೆ ಇಲ್ಲಿಯೂ ನಡೆಯುತ್ತದೆ: ವೇಗವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಜೋಡಿ ಸುಳಿ ಎಂಬುದು ಸಿಗುತ್ತದೆ. 30 ಸೆಂ.ಮೀ. ಕೊಳವೆ, ಸೆಕೆಂಡಿಗೆ 60 ಸೆಂ.ಮೀ. ಸೆಳೆತ ಎಂದರೆ 0.4 ಹರ್ಟ್ಝ್, ದಿನಕ್ಕೆ 34,560 ಆವರ್ತ.

ತೊಡಕು ಶುರುವಾಗುವುದು ಈ ಆವರ್ತನ ಕೊಳವೆಯ ಸ್ವಾಭಾವಿಕ ಆವರ್ತನದ (ತಳ್ಳಿಬಿಟ್ಟಾಗ ಅದು ತಾನಾಗಿ ಓಲಾಡುವ ಲಯದ) ಹತ್ತಿರ ಬಂದಾಗ. ಆಗ ಕೊಳವೆಯ ಓಲಾಟವೇ ಸುಳಿಗಳನ್ನು ತನ್ನ ತಾಳಕ್ಕೆ ಹಿಡಿದುಕೊಳ್ಳುತ್ತದೆ. ಸೆಳೆತ ಸ್ವಲ್ಪ ಹೆಚ್ಚಿದರೂ ಕಡಿಮೆಯಾದರೂ ಹಿಡಿತ ಬಿಡುವುದಿಲ್ಲ. ಇದೇ ಲಾಕ್‌-ಇನ್. ಓಲಾಟ ಸುಮಾರು ಒಂದು ವ್ಯಾಸದಷ್ಟಕ್ಕೆ ತಾನೇ ನಿಲ್ಲುವುದರಿಂದ ಕೊಳವೆ ಒಂದೇ ಏಟಿಗೆ ಮುರಿಯುವುದಿಲ್ಲ. ಬೆಸುಗೆಯ ಅಂಚಿನಲ್ಲಿ ಬಿರುಕು ಹುಟ್ಟಿ ಲೋಹ ದಣಿಯುತ್ತ ಹೋಗುತ್ತದೆ. ಜೊತೆಗೆ, ಕೊಳವೆಯೊಂದಿಗೆ ಅಲುಗುವ ನೀರಿನ ತೂಕ ಓಲಾಟಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ನೀರಿನಲ್ಲಿ ಸ್ವಾಭಾವಿಕ ಆವರ್ತನವೂ ಒಂದೆಡೆ ನಿಲ್ಲುವ ಸಂಖ್ಯೆಯಲ್ಲ.

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಇಮಿಂಗ್‌ಹ್ಯಾಮ್‌ನಲ್ಲಿ ಜೆಟ್ಟಿ ಕಟ್ಟುವಾಗ ತಳಕ್ಕೆ ಹೊಡೆದ ಆಧಾರಕಂಬಗಳು, ಅಂದರೆ ಪೈಲ್‌ಗಳು ಹರಿವಿಗೆ ಅಡ್ಡಲಾಗಿ ಅಲ್ಲ, ಹರಿವಿನ ದಿಕ್ಕಿನಲ್ಲೇ ಓಲಾಡಿದವು. ಅಡ್ಡ ಓಲಾಟಕ್ಕೆ ಬೇಕಾದುದಕ್ಕಿಂತ ಕಡಿಮೆ ವೇಗಕ್ಕೇ ಇದು ಆರಂಭವಾಗುತ್ತದೆ. ಪೈಲ್ ಹೊಡೆದ ಮೇಲೆ ಡೆಕ್ ಬರುವವರೆಗೆ ಅದು ತಲೆ ಬಿಟ್ಟ ಕಂಬ. ಆ ಅವಧಿಯಲ್ಲೇ ಅಪಾಯ ಹೆಚ್ಚು. ಸೆಳೆತವಿರುವ ಜಾಗದಲ್ಲಿ ತಲೆಗಳನ್ನು ಕೂಡಲೇ ಒಂದಕ್ಕೊಂದು ಕಟ್ಟಬೇಕು.

ಮುಂದಿನ ಮೂರು ದಶಕ ಪ್ರಯೋಗಾಲಯದಲ್ಲಿ ಗಟ್ಟಿ ಸಿಲಿಂಡರ್‌ಗಳನ್ನು ಬಲವಂತವಾಗಿ ಅಲುಗಿಸಿ ಬಲದ ಕೋಷ್ಟಕ ಮಾಡುವುದರಲ್ಲಿ ಕಳೆಯಿತು. ಶಿಯರ್‌7, ವಿವಾ, ವಿವಾನಾ ಮುಂತಾದ ಸಾಫ್ಟ್‌ವೇರ್‌ಗಳು ನಿಂತಿರುವುದು ಇಂಥ ಕೋಷ್ಟಕಗಳ ಮೇಲೆ. ಕೊಳವೆಯ ಯಾವ ಭಾಗದಲ್ಲಿ ನೀರು ಶಕ್ತಿ ತುಂಬುತ್ತದೆ, ಯಾವ ಭಾಗದಲ್ಲಿ ಕಸಿಯುತ್ತದೆ ಎಂದು ಲೆಕ್ಕ ಹಾಕಿ ಎರಡನ್ನೂ ಅವು ಸರಿದೂಗಿಸುತ್ತವೆ.

ಈ ಕ್ರಮದ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ. ನೆದರ್‌ಲ್ಯಾಂಡ್ಸ್‌ನ ದೊಡ್ಡ ಪ್ರಯೋಗ ಕಾಲುವೆಯಾದ ಡೆಲ್ಟಾ ಫ್ಲೂಮ್‌ನಲ್ಲಿ 13.12 ಮೀ. ಉದ್ದ, 28 ಮಿ.ಮೀ. ವ್ಯಾಸದ ರೈಸರನ್ನು (ಸಮುದ್ರತಳದಿಂದ ಮೇಲಕ್ಕೇರುವ ಕೊಳವೆಯ ಮಾದರಿಯನ್ನು) ಬಿಗಿದು ಕೆಳಗಿನ 45%ಕ್ಕೆ ಮಾತ್ರ ಹರಿವು ತಾಗಿಸಿದರು. ಅಳತೆ ತೋರಿಸದೆ 11 ಮಾದರಿಗಳಿಂದ ಊಹೆ ಕೇಳಿದರು. 2005ರಲ್ಲಿ ಬಂದ ಫಲಿತಾಂಶದಲ್ಲಿ, ಅಡ್ಡ ಓಲಾಟದ ಮಟ್ಟಿಗೆ, ಕೋಷ್ಟಕ ನಂಬಿದ ಮಾದರಿಗಳೇ ಹರಿವನ್ನು ಪೂರ್ತಿ ಗಣಿಸುವ ಸಿಎಫ್‌ಡಿಗಿಂತ ಮುಂದಿದ್ದವು. ಆದರೆ ಅದೇ ದಶಕದಲ್ಲಿ ಮಯಾಮಿಯ ಬಳಿ ಗಲ್ಫ್ ಸ್ಟ್ರೀಮ್‌ನಲ್ಲಿ 36 ಮಿ.ಮೀ. ವ್ಯಾಸದ ಸುಮಾರು 150 ಮೀ. ಕೊಳವೆಯನ್ನು, ತುದಿಗೆ ರೈಲುಗಾಲಿ ತೂಗುಬಿಟ್ಟು, ದೋಣಿಯಿಂದ ಇಳಿಸಿದಾಗ ಕೋಷ್ಟಕದ ಮಿತಿಯೂ ಬಯಲಾಯಿತು. ಉದ್ದಕ್ಕೂ ಕೂರಿಸಿದ ಆಪ್ಟಿಕಲ್ ಫೈಬರ್ ಸಂವೇದಕಗಳು ತೋರಿಸಿದ್ದು ನಿಂತ ಅಲೆಯನ್ನಲ್ಲ, ಕೊಳವೆಯುದ್ದಕ್ಕೂ ಓಡುವ ಅಲೆಯನ್ನು. ಮೂಲ ಆವರ್ತನದ ಮೂರು ಪಟ್ಟಿನಲ್ಲಿ ಇನ್ನೊಂದು ಒತ್ತಡವೂ ಕಂಡಿತು. ಅದನ್ನು ಎಣಿಸದಿದ್ದರೆ ದಣಿವಿನ ಲೆಕ್ಕ ಹಲವು ಪಟ್ಟು ಕೆಳಗೆ ಬೀಳುತ್ತದೆ.

ಈ ಸುಧಾರಣೆಗಳೆಲ್ಲ ಮುಖ್ಯವೇ. ಆದರೂ ದೊಡ್ಡ ತಪ್ಪು ನುಸುಳುವುದು ಸೂತ್ರಕ್ಕಿಂತ ಮೊದಲು, ಸೆಳೆತದ ಅಂಕಿಯಲ್ಲಿ. ಬಿಗಿತದಿಂದ ನಿಂತ ಉದ್ದನೆಯ ರೈಸರ್‌ನಲ್ಲಿ ವೇಗ ಏರಿದಂತೆ ಆವರ್ತನ ಅದೇ ಪ್ರಮಾಣದಲ್ಲಿ ಏರುತ್ತದೆ, ಬಾಗುವ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಪ್ರತಿ ಆವರ್ತದಲ್ಲಿ ಲೋಹದ ದಣಿವು ಸುಮಾರಾಗಿ ಒತ್ತಡದ ಘನಕ್ಕೆ ಅನುಪಾತ. ಎಲ್ಲ ಸೇರಿಸಿದರೆ ಹಾನಿ ವೇಗದ ಏಳನೆಯ ಘಾತಕ್ಕೆ ಮುಟ್ಟುತ್ತದೆ. ಸೆಳೆತ ಅಂದುಕೊಂಡದ್ದಕ್ಕಿಂತ 10% ಹೆಚ್ಚಿದ್ದರೆ ಹಾನಿ ಹತ್ತಿರ ಹತ್ತಿರ ಎರಡು ಪಟ್ಟು, 20% ಹೆಚ್ಚಿದ್ದರೆ ಮೂರೂವರೆ ಪಟ್ಟು. ನಮ್ಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ಆಳ ಬದಲಾದಂತೆ ವೇಗವೂ ದಿಕ್ಕೂ ಬದಲಾಗಬಹುದು. ಕೆಲವೇ ವಾರಗಳ ಅಳತೆ ಹಿಡಿದು 25 ವರ್ಷದ ಆಯುಸ್ಸು ಬರೆಯಬಾರದು. ಕಡಲಲ್ಲಿ ಅಳೆದ ದತ್ತಾಂಶ ಬಹಳಷ್ಟು ಬೀಗದೊಳಗೇ ಉಳಿಯುತ್ತದೆ. ಕಡಲು ಎದುರಿಗಿರುವ ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಅದು ಸಿಕ್ಕರೆ ಎಷ್ಟು ಕೆಲಸ ಆಗುತ್ತದೆ!

ಪರಿಹಾರವೆಂದು ಸುತ್ತುವ ಸುರುಳಿ ರೆಕ್ಕೆ, ಅಂದರೆ ಸ್ಟ್ರೇಕ್, ಸಾಮಾನ್ಯವಾಗಿ ಮೂರು ಎಳೆಯದು: ಎತ್ತರ ವ್ಯಾಸದ ಕಾಲು ಭಾಗ, ಒಂದು ಸುತ್ತಿಗೆ 15 ವ್ಯಾಸ. ಓಲಾಟ ತಗ್ಗುತ್ತದೆ, ಆದರೆ ನೀರಿನ ಎಳೆತ ಏರುತ್ತದೆ. ಪಚ್ಚಿಲೆ, ಪಾಚಿ ಬೆಳೆದು ರೆಕ್ಕೆಗಳ ನಡುವಿನ ಸಂದು ತುಂಬಿದರೆ ಗುಣ ಕುಗ್ಗುತ್ತದೆ. ಕಾಲಕಾಲಕ್ಕೆ ಕೆರೆದು ತೆಗೆಯುವ ಖರ್ಚನ್ನು ಮೊದಲೇ ಬಜೆಟ್‌ನಲ್ಲಿ ಇಡಬೇಕು.

ಸಮುದ್ರತಳದ ಕೊಳವೆಗೆ ಮೊದಲು ಬೇಕಾದದ್ದು ಮಳೆಗಾಲ ಮುಗಿದ ಕೂಡಲೇ ಆಸರೆಯಿಲ್ಲದ ಉದ್ದದ ಸಮೀಕ್ಷೆ. ಉದ್ದ ಎರಡು ಪಟ್ಟಾದರೆ ಸ್ವಾಭಾವಿಕ ಆವರ್ತನ ಸುಮಾರು ನಾಲ್ಕನೇ ಒಂದಕ್ಕೆ ಇಳಿದು, ನಿಧಾನದ ಸೆಳೆತಕ್ಕೂ ಕೊಳವೆ ಸಿಕ್ಕಿಬೀಳುತ್ತದೆ. ತಳದಲ್ಲಿ ಎಡಿಸಿಪಿ (ಶಬ್ದದಲೆಗಳಿಂದ ನೀರಿನ ವೇಗ ಅಳೆಯುವ ಉಪಕರಣ) ಇಟ್ಟು, ಪ್ರವಾಹ ತಿರುಗುವ ಎರಡೂ ಋತು ಸೇರುವಂತೆ, ಕನಿಷ್ಠ ಒಂದು ವರ್ಷ ಹತ್ತು ನಿಮಿಷದ ಸರಾಸರಿ ದಾಖಲಿಸಬೇಕು. ಆಸರೆಯಿಲ್ಲದ ಅತಿ ಉದ್ದದ ಭಾಗದ ನಡುವೆ ಓಲಾಟ ಅಳೆಯುವ ಒಂದು ಆಕ್ಸೆಲೆರೋಮೀಟರ್ ಕಟ್ಟಿದರೆ, ಸಾಫ್ಟ್‌ವೇರ್ ಕೊಟ್ಟ ಆವರ್ತನವನ್ನು ನಿಜವಾದದ್ದಕ್ಕೆ ಹೋಲಿಸಿ ನೋಡಲು ಸಾಧ್ಯ.