ಸಿಗುವ ಸೀಟು ಮೊದಲೋ, ಬೇಕಾದ ಸೀಟು ಮೊದಲೋ?

ಸಿಇಟಿ ರ್ಯಾಂಕ್ ಬಂದ ವಾರ. ಉಡುಪಿಯ ನನ್ನ ಕಚೇರಿಗೆ ಹೆಬ್ರಿ ಕಡೆಯಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯ ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ, ಅದರಲ್ಲಿ ಹನ್ನೊಂದು ಎಂಜಿನಿಯರಿಂಗ್ ಕಾಲೇಜುಗಳ ಹೆಸರು. ಮೊದಲನೆಯದು ಖಂಡಿತ ಸಿಗುವಂಥದ್ದು. ಅವಳಿಗೆ ನಿಜವಾಗಿ ಇಷ್ಟವಿದ್ದದ್ದು ಒಂಬತ್ತನೆಯ ಸಾಲಿನಲ್ಲಿತ್ತು.

"ಯಾಕಮ್ಮ ಹೀಗೆ ಬರೆದಿದ್ದೀ?" ಎಂದೆ.

"ಅದನ್ನು ಮೇಲೆ ಹಾಕಿ ಸಿಗದಿದ್ದರೆ ಕೆಳಗಿನದ್ದೂ ಹೋಗ್ತದಲ್ವಾ ಮೇಡಂ?"

ಅಪ್ಪನದ್ದೂ ಅದೇ ಮಾತು. "ಇದ್ದದ್ದೂ ಕೈತಪ್ಪಿದರೆ ಎಂತ ಮಾಡುವುದು?"

ಈ ಭಯವನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಒಳ್ಳೆಯ ರ್ಯಾಂಕ್ ಬಂದ ಮಕ್ಕಳೂ ಇದರಿಂದ ಸೀಟು ಕಳೆದುಕೊಂಡಿದ್ದಾರೆ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಸಿಇಟಿ ನಡೆಸುವ ರಾಜ್ಯದ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವಾಗ ಮೊದಲು ನೋಡುವುದು ರ್ಯಾಂಕ್. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದಿಕೊಂಡು ಬರುತ್ತದೆ. ಒಂದನೆಯದರಲ್ಲಿ ಸೀಟು ಇಲ್ಲವಾ, ಎರಡನೆಯದಕ್ಕೆ ಹೋಗುತ್ತದೆ. ಎಲ್ಲಿ ಸೀಟು ಇದೆಯೋ ಅಲ್ಲಿ ನಿಲ್ಲುತ್ತದೆ. ನೀವು ಒಂಬತ್ತನೆಯದಾಗಿ ಬರೆದ ಕಾಲೇಜನ್ನು ನಿಮ್ಮದೇ ಕೆಟಗರಿಯ, ನಿಮಗಿಂತ ಕೆಳಗಿನ ರ್ಯಾಂಕಿನವರು ಮೊದಲನೆಯದಾಗಿ ಬರೆದಿದ್ದರೂ ಸೀಟು ನಿಮಗೇ. ಸಿಗುವುದು ಕಷ್ಟ ಅನ್ನಿಸಿದ್ದನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಆದರೆ ಖಂಡಿತ ಸಿಗುವುದನ್ನು ಮೇಲೆ ಬರೆದರೆ ಅದು ಅಲ್ಲೇ ನಿಲ್ಲುತ್ತದೆ. ನಿಮಗೆ ಬೇಕಾದ ಕಾಲೇಜಿನವರೆಗೆ ಓದುವುದೇ ಇಲ್ಲ.

ಅಂದರೆ ಸೀಟು ಸಿಗುವ ಸಾಧ್ಯತೆ ನೋಡಿ ತೀರ್ಮಾನಿಸಬೇಕಾದದ್ದು ಪಟ್ಟಿ ಎಷ್ಟು ಉದ್ದ ಇರಬೇಕು ಎಂಬುದನ್ನು. ಯಾವುದು ಮೊದಲು, ಯಾವುದು ನಂತರ ಎಂಬುದಕ್ಕೆ ಬೇರೆ ಲೆಕ್ಕ ಬೇಕು.

ಸಾಧ್ಯತೆ ತಿಳಿಯುವುದು ಕಷ್ಟವಲ್ಲ. ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್ ಆಫ್ ಪಟ್ಟಿ, ಅಂದರೆ ಎಲ್ಲಿ ಯಾವ ರ್ಯಾಂಕಿನವರೆಗೆ ಸೀಟು ಸಿಕ್ಕಿತು ಎಂಬ ಪಟ್ಟಿ ಇದೆ. ಒಂದೇ ವರ್ಷದ್ದು ಸಾಲದು, ಎರಡು ಮೂರು ವರ್ಷದ್ದು ನೋಡಿ. ನಿಮ್ಮ ಕಾಲಂ ಸರಿಯಾಗಿ ಗುರುತಿಸಿ. ಜಿಎಂ (ಸಾಮಾನ್ಯ ವರ್ಗ) ಬೇರೆ, ಜಿಎಂಕೆ ಬೇರೆ, ಜಿಎಂಆರ್ ಬೇರೆ. ಹಿಂದುಳಿದ ವರ್ಗ 2ಎಯ 2ಎಜಿ, 2ಎಕೆ, 2ಎಆರ್ ಕೂಡ ಹಾಗೇ. 'ಕೆ' ಎಂದರೆ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, 'ಆರ್' ಎಂದರೆ ಅಷ್ಟೂ ವರ್ಷ ಗ್ರಾಮೀಣ ಶಾಲೆ. ಹೆಬ್ರಿಯ ಈ ಹುಡುಗಿ ಹತ್ತೂ ವರ್ಷ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿದವಳು. ಆದರೂ ನೋಡಿದ್ದು ಜಿಎಂ ಕಾಲಂ ಮಾತ್ರ! ನಮ್ಮ ಸುಳ್ಯ, ಬೆಳ್ತಂಗಡಿ, ಬೈಂದೂರು ಕಡೆಯ ಎಷ್ಟೋ ಮಕ್ಕಳು ಹೀಗೇ ಮಾಡುತ್ತಾರೆ. ತಮಗೆ ಹಕ್ಕಿರುವ ಕಾಲಂ ಇದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಸಿಇಟಿ ರ್ಯಾಂಕ್ ಎಲ್ಲಾ ಕಡೆ ನಡೆಯುವುದಿಲ್ಲ. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ ರ್ಯಾಂಕ್ ಬೇಕು. ಅಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಇದೆ, ಹಾಗಾಗಿ 'ಹೋಮ್ ಸ್ಟೇಟ್' ಕಟ್ ಆಫ್ ನೋಡಬೇಕು. ಮಣಿಪಾಲದ ಎಂಐಟಿಗೆ ಎಂಇಟಿ ಎಂಬ ಬೇರೆಯೇ ಪರೀಕ್ಷೆ.

ಈಗ ಯಾವುದು ಮೊದಲು ಎಂಬ ಪ್ರಶ್ನೆ. ನಾನಾದರೆ ಮೊದಲು ಇಂಟರ್ನ್‌ಶಿಪ್ ನೋಡುತ್ತೇನೆ.

ವಿಟಿಯು ಎಂಬ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ (ಪಠ್ಯಕ್ರಮದಲ್ಲಿ) 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಹೆಚ್ಚುಕಡಿಮೆ ಒಂದು ಸೆಮಿಸ್ಟರ್. ನಿಯಮ ಎಲ್ಲರಿಗೂ ಒಂದೇ, ಆದರೆ ಆ ವಾರಗಳು ಹೇಗೆ ಕಳೆಯುತ್ತವೆ ಎಂಬುದರಲ್ಲಿ ಭೂಮಿ ಆಕಾಶದ ವ್ಯತ್ಯಾಸ. ಒಬ್ಬ ಹುಡುಗ ದಿನಾ ಕಾರ್ಖಾನೆಗೆ ಹೋಗಿ ಪಂಪ್ ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಾನೆ. ಇನ್ನೊಬ್ಬ ನಾಲ್ಕಾರು ಸಾವಿರ ರೂಪಾಯಿ ಕಟ್ಟಿ, ಯಾವುದೋ ಸಣ್ಣ ಸಂಸ್ಥೆಯಿಂದ ಸರ್ಟಿಫಿಕೇಟ್ ತಂದು ಕಾಲೇಜಿಗೆ ಕೊಡುತ್ತಾನೆ. ಅಂಕಪಟ್ಟಿಯಲ್ಲಿ ಇಬ್ಬರದ್ದೂ ಒಂದೇ ಥರ ಕಾಣುತ್ತದೆ. ಕೆಲಸದ ಸಂದರ್ಶನದಲ್ಲಿ ಹಾಗಲ್ಲ. ಇಂಟರ್ನ್‌ಶಿಪ್‌ಗೆ ಹೋಗಿ ನೀನು ಏನು ಮಾಡಿದೆ ಎಂದು ಕೇಳಿದಾಗ ಎರಡನೆಯವನು ಸುಮ್ನೆ ಕೂತುಬಿಡುತ್ತಾನೆ. ಆ ಮಕ್ಕಳ ಮುಖ ನೋಡಿದ್ದೇನೆ. ತಪ್ಪು ಅವರದ್ದಲ್ಲ, ಕಾಲೇಜು ಅವರನ್ನು ಎಲ್ಲಿಗೂ ಕಳಿಸಲಿಲ್ಲ.

ಹತ್ತಿರದಲ್ಲಿ ಕಂಪನಿ ಇದ್ದ ಮಾತ್ರಕ್ಕೆ ಒಳಗೆ ಹೋಗಲು ಆಗುವುದಿಲ್ಲ. ಪಣಂಬೂರಿನ ಬಂದರು, ಎಂಆರ್‌ಪಿಎಲ್, ಮುಡಿಪಿನ ಇನ್ಫೋಸಿಸ್, ಸಂತೆಕಟ್ಟೆಯ ರೋಬೋಸಾಫ್ಟ್, ಎಲ್ಲಾ ನಮ್ಮ ಬಸ್ಸಿನ ದಾರಿಯಲ್ಲೇ ಇರಬಹುದು. ಕಾಲೇಜಿನ ಬ್ರೋಷರ್‌ನಲ್ಲಿ ಲೋಗೋಗಳೂ ಇರುತ್ತವೆ. ನೀವು ಕೇಳಬೇಕಾದದ್ದು ಕಳೆದ ವರ್ಷದ ಪಟ್ಟಿ. ನಿಮಗೆ ಬೇಕಾದ ಬ್ರಾಂಚ್‌ನಿಂದ ಎಷ್ಟು ಮಂದಿ ಹೋದರು, ಎಲ್ಲಿಗೆ, ಎಷ್ಟು ವಾರ, ಸ್ಟೈಪೆಂಡ್ ಸಿಕ್ಕಿತಾ ಅಥವಾ ಇವರೇ ದುಡ್ಡು ಕಟ್ಟಿದರಾ? ಇಡೀ ಕಾಲೇಜಿನ ಲೆಕ್ಕ ಬೇಡ. ಕಂಪ್ಯೂಟರ್ ಸೈನ್ಸ್‌ನವರ ಲೆಕ್ಕದಲ್ಲಿ ಸಿವಿಲ್‌ನವರು ಮುಚ್ಚಿಹೋಗುತ್ತಾರೆ. ಕಚೇರಿಯಲ್ಲಿ ಉತ್ತರ ಸಿಗದಿದ್ದರೆ ಕೊನೆಯ ವರ್ಷದ ಇಬ್ಬರು ಮಕ್ಕಳನ್ನು ಹುಡುಕಿ. ನಮ್ಮ ಊರಲ್ಲಿ ಅದೇನು ದೊಡ್ಡದಲ್ಲ, ಯಾರದ್ದಾದರೂ ಚಿಕ್ಕಮ್ಮನ ಮಗ ಇದ್ದೇ ಇರುತ್ತಾನೆ.

ಅದರ ನಂತರ ನೋಡಬೇಕಾದದ್ದು ಅಲ್ಲಿ ಯಾರ ಜೊತೆ ಓದುತ್ತೀರಿ ಎಂಬುದು. ಅಪ್ಪ ಅಮ್ಮಂದಿರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬ್ಯಾರಿ ಕೇಳುತ್ತಾ ಬೆಳೆದವರು. ಬೇರೆಯವರೊಡನೆ ಬೆರೆಯುವುದು ಅವರಿಗೆ ಹೊಸತಲ್ಲ. ಆದರೆ ಪಿಯುವಿನ ಗೆಳೆಯರೇ ಮತ್ತೆ ಸಿಗುವ ಕಾಲೇಜಿಗೆ ಹೋಗಿ, ಸಂಜೆ ಐದರ ಬಸ್ಸಿಗೆ ಮನೆಗೆ ಬಂದರೆ ನಾಲ್ಕು ವರ್ಷದಲ್ಲಿ ಹೊಸಬರ ಜೊತೆ ಮಾತೇ ಆಗುವುದಿಲ್ಲ. ಮೊದಲ ಕೆಲಸದಲ್ಲಿ ಪಕ್ಕದ ಕುರ್ಚಿಯವರು ಒಡಿಶಾದವರೋ ಪಂಜಾಬಿನವರೋ ಆಗಿರಬಹುದು. ಎನ್‌ಐಟಿಕೆಯಲ್ಲಿ ಇನ್ನರ್ಧ ಸೀಟು ಹೊರ ರಾಜ್ಯದವರದ್ದು, ಹಾಗಾಗಿ ಈ ಕಲಿಕೆ ತಾನಾಗಿ ಆಗುತ್ತದೆ. ಉಳಿದ ಕಡೆ ಕೇಳಿ ನೋಡಿ: ಹಾಸ್ಟೆಲ್ ರೂಮು ಊರಿನವರಿಗೆ ಊರಿನವರನ್ನೇ ಹಾಕುತ್ತಾರಾ? ಪ್ರಾಜೆಕ್ಟ್ ಗುಂಪು ಯಾರು ಮಾಡುತ್ತಾರೆ? ಆ ಬ್ರಾಂಚ್‌ನಲ್ಲಿ ಹುಡುಗಿಯರು ಎಷ್ಟು? ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಎಡವಿದರೆ ಕೈಹಿಡಿಯುವವರು ಇದ್ದಾರಾ? ಈ ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಬೇರೆ ಬೇರೆ ಕಡೆಯವರನ್ನು ಸೇರಿಸಿಕೊಂಡರೆ ಸಾಲದು, ಎಲ್ಲರೂ ಕೊನೆಯವರೆಗೆ ಉಳಿಯಬೇಕು.

ಹುಡುಗಿ ಅಲ್ಲೇ ಕೂತು ಹಾಳೆಯನ್ನು ಮತ್ತೆ ಬರೆದಳು. ಒಂಬತ್ತನೆಯದು ಒಂದನೆಯದಾಯಿತು. ಅವಳ ಕಾಲಂ ನೋಡಿ ಇನ್ನೂ ನಾಲ್ಕು ಹೆಸರು ಸೇರಿಸಿದೆವು. ಖಂಡಿತ ಸಿಗುವುದು ಕೆಳಗೆ ಹೋಯಿತು, ಆದರೆ ಪಟ್ಟಿಯಲ್ಲೇ ಉಳಿಯಿತು. ಹಾಸ್ಟೆಲ್ ಖರ್ಚು ಮನೆಗೆ ಹೊರೆ ಎಂದು ಎರಡನ್ನು ಹೊಡೆದು ಹಾಕಿದೆವು. ಸೇರುವುದಿಲ್ಲ ಎಂದು ಗೊತ್ತಿರುವ ಕಾಲೇಜು ಪಟ್ಟಿಯಲ್ಲಿ ಇರಲೇಬಾರದು.

ಹೊರಡುವಾಗ ಅಪ್ಪ ಕೇಳಿದರು, "ಮೊದಲ ಸುತ್ತಿನಲ್ಲಿ ಮೂರನೆಯದು ಸಿಕ್ಕಿದರೆ?"

ಮೇಲಿನದಕ್ಕೂ ಕಾಯುವ ಮನಸ್ಸಿದ್ದರೆ ಚಾಯ್ಸ್ 2 ಒತ್ತಿ ಎಂದೆ. ಮೂರನೆಯದು ಕೈಯಲ್ಲೇ ಇರುತ್ತದೆ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಮಾತ್ರ ಇದು ರದ್ದಾಗುತ್ತದೆ. ಅದಕ್ಕೆ ಮೊದಲು ಅಣಕು ಹಂಚಿಕೆಯ (ನಿಜವಾದ ಹಂಚಿಕೆಗೆ ಮೊದಲಿನ ಪ್ರಯೋಗದ) ಫಲಿತಾಂಶ ಬಂದ ದಿನ ಒಮ್ಮೆ ಫೋನ್ ಮಾಡಿ, ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಪ್ರಮಾಣಪತ್ರ ಎರಡನ್ನೂ ಶಾಲೆಯಿಂದ ಇವತ್ತೇ ಕೇಳಿ ಎಂದೆ. ಅವರು ಹೆಬ್ರಿ ಬಸ್ಸು ಹತ್ತುವ ಮೊದಲೇ ಹೆಡ್‌ಮಾಸ್ಟರಿಗೆ ಫೋನ್ ಹಚ್ಚಿದರು.