ಪೆನ್ನಿಯ ಅಂಕಿ ಎರಡೆರಡು ಕಂಡರೆ ಅದು ಅಚ್ಚಿನ ತಪ್ಪೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕಳೆದ ಬಾರಿ ಬಂದಾಗ ಒಂದು ಡಬ್ಬಿ ತುಂಬ ಪೆನ್ನಿ, ಅಂದರೆ ಅಲ್ಲಿನ ಒಂದು ಸೆಂಟಿನ ನಾಣ್ಯ, ತಂದುಕೊಟ್ಟಳು. ಅದರಲ್ಲಿ 1969ರದೊಂದು ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಇಸವಿಯ ಅಂಕಿಗಳೂ ಅದರ ಕೆಳಗಿನ ‘ಎಸ್’ ಅಕ್ಷರವೂ ಎರಡೆರಡಾಗಿ ಕಾಣುತ್ತವೆ. ಇದು ಬೆಲೆಬಾಳುವ ‘ಡಬಲ್ಡ್ ಡೈ’ ನಾಣ್ಯವೇ?

ಉತ್ತರ: ಅಲ್ಲ. ‘ಎಸ್’ ಕೂಡ ಎರಡಾಗಿದೆ ಎಂದು ನೀವೇ ಬರೆದಿದ್ದೀರಿ. ತೀರ್ಪು ಅಲ್ಲೇ ಇದೆ. ಅದು ಹೇಗೆಂದು ತಿಳಿದರೆ ಡಬ್ಬಿಯಲ್ಲಿರುವ ಉಳಿದ ನಾಣ್ಯಗಳನ್ನು ಯಾರನ್ನೂ ಕೇಳದೆ ಪರೀಕ್ಷಿಸಿಕೊಳ್ಳುತ್ತೀರಿ.

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಯಿರಿ. ಮರದ ಅಚ್ಚಿನಲ್ಲೇ ಗಿಣಿಯ ಕೊಕ್ಕನ್ನು ಎರಡು ಬಾರಿ ಕೆತ್ತಿದ್ದರೆ ಅದರಿಂದ ತೆಗೆದ ಗಿಣಿಗಳಿಗೆಲ್ಲ ಎರಡು ಕೊಕ್ಕು. ಅಚ್ಚು ಸರಿಯಿದ್ದು, ಬಿಡಿಸುವಾಗ ಕೈ ಅಲುಗಿದರೆ ಆ ಒಂದು ಗಿಣಿಯ ಕೊಕ್ಕು ಮಾತ್ರ ಸವರಿಹೋಗುತ್ತದೆ. ಮೊದಲನೆಯದು ಡಬಲ್ಡ್ ಡೈ. ಎರಡನೆಯದು ಮಷೀನ್ ಡಬ್ಲಿಂಗ್: ಯಂತ್ರದಲ್ಲಿ ಸಡಿಲಗೊಂಡ ಅಚ್ಚು ಹೊಡೆತದ ಕ್ಷಣದಲ್ಲಿ ಜಾರಿ ಆದದ್ದು. ಇದಕ್ಕೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲ.

ಆ ಕಾಲದಲ್ಲಿ ‘ಹಬ್’ ಎಂಬ ತಾಯಿ ಅಚ್ಚಿನಿಂದ ಉಕ್ಕಿನ ಅಚ್ಚಿಗೆ ಚಿತ್ರವನ್ನು ಒಂದೇ ಸಲಕ್ಕೆ ಇಳಿಸಲು ಆಗುತ್ತಿರಲಿಲ್ಲ. ಒಮ್ಮೆ ಒತ್ತಿ, ಉಕ್ಕನ್ನು ಕಾಯಿಸಿ ಮೆದುವಾಗಿಸಿ, ಮತ್ತೆ ಒತ್ತಬೇಕಿತ್ತು. ಎರಡನೆಯ ಸಲ ತುಸು ತಿರುಗಿ ಕೂತರೂ ಅಕ್ಷರಗಳೆಲ್ಲ ಎರಡಾಗುತ್ತಿದ್ದವು. 1955ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಆದದ್ದು ಇದೇ. ಅಂಥ 20ರಿಂದ 24 ಸಾವಿರ ಪೆನ್ನಿಗಳು ಹೊರಬಿದ್ದವೆಂದು ಅಂದಾಜು. ಆಗ ಯಂತ್ರಕ್ಕೆ 25 ಸೆಂಟ್ ಹಾಕಿದರೆ 23 ಸೆಂಟಿನ ಸಿಗರೇಟು ಪೊಟ್ಟಣ ಬರುತ್ತಿತ್ತು; ಉಳಿದ ಎರಡು ಪೆನ್ನಿಯನ್ನು ಪೊಟ್ಟಣದ ಹೊದಿಕೆಯೊಳಗೇ ಸಿಕ್ಕಿಸಿಟ್ಟಿರುತ್ತಿದ್ದರು. ಇಂದು ಸಾವಿರಾರು ರೂಪಾಯಿಗಳಲ್ಲಿ ಅಲ್ಲ, ಸಾವಿರ ಡಾಲರುಗಳಲ್ಲಿ ಬೆಲೆ ಕಟ್ಟುವ ಆ ನಾಣ್ಯಗಳಲ್ಲಿ ಎಷ್ಟೋ ಮೊದಲು ಜನರ ಕೈಸೇರಿದ್ದು ಹೀಗೆ.

ಈಗ ನಿಮ್ಮ ‘ಎಸ್’ಗೆ ಬರೋಣ. ಅದು ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು. 1969ರಲ್ಲಿ ಈ ಗುರುತು ತಾಯಿ ಅಚ್ಚಿನಲ್ಲಿ ಇರಲಿಲ್ಲ. ಚಿತ್ರ ಇಳಿದ ಮೇಲೆ ಪ್ರತಿಯೊಂದು ಅಚ್ಚಿಗೂ ಅದನ್ನು ಬೇರೆಯಾಗಿ ಕೈಯಿಂದ ಹೊಡೆಯುತ್ತಿದ್ದರು. ಆದ್ದರಿಂದ ನಿಜವಾದ 1969ರ ಡಬಲ್ಡ್ ಡೈಯಲ್ಲಿ ಇಸವಿ, ‘ಲಿಬರ್ಟಿ’ ಎಂಬ ಪದ, ಲಿಂಕನ್ ಚಿತ್ರದ ತಲೆಯ ಮೇಲಿನ ಸಾಲು ಎರಡೆರಡಾಗಿದ್ದರೂ ‘ಎಸ್’ ಒಂಟಿಯಾಗಿಯೇ ಇರುತ್ತದೆ. ಇಸವಿಯೂ ‘ಎಸ್’ ಕೂಡ ಒಂದೇ ದಿಕ್ಕಿಗೆ ಜರುಗಿದ್ದರೆ ಜಾರಿದ್ದು ಯಂತ್ರದ ಹೊಡೆತ. 1990ರಿಂದ ಪೆನ್ನಿಯ ಈ ಗುರುತನ್ನೂ ಮೂಲ ಅಚ್ಚಿನಲ್ಲೇ ಸೇರಿಸಿದರು. ಹಾಗಾಗಿ ಈ ಪರೀಕ್ಷೆ ಅದಕ್ಕೂ ಹಿಂದಿನವಕ್ಕೆ ಮಾತ್ರ.

ಗುರುತಿಲ್ಲದ ಪೆನ್ನಿಯಾದರೆ ಅಕ್ಷರದ ಅಂಚು ನೋಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ಬೆಳಕು ಒಂದೇ ಪಕ್ಕದಿಂದ ಬೀಳಲಿ. ಡಬಲ್ಡ್ ಡೈಯಲ್ಲಿ ಅಕ್ಷರ ದಪ್ಪವಾಗುತ್ತದೆ, ಎರಡೂ ರೂಪಗಳು ಮೈದುಂಬಿಕೊಂಡು ಉಬ್ಬಿರುತ್ತವೆ, ಮೂಲೆಗಳಲ್ಲಿ ಸಣ್ಣ ಕಚ್ಚು ಬಿಟ್ಟಂತೆ ಸೀಳಿರುತ್ತದೆ. ಮಷೀನ್ ಡಬ್ಲಿಂಗ್‌ನಲ್ಲಿ ಎರಡನೆಯ ರೂಪ ತಗ್ಗಿನಲ್ಲಿ ಮೆಟ್ಟಿಲಿನಂತೆ ಚಪ್ಪಟೆಯಾಗಿ ಹೊಳೆಯುತ್ತದೆ. ಲೋಹ ಪಕ್ಕಕ್ಕೆ ತಳ್ಳಿಹೋಗಿ ಮೂಲ ಅಕ್ಷರವೇ ತೆಳ್ಳಗಾಗಿರುತ್ತದೆ.

ಇನ್ನೊಂದು ಮೋಸವಿದೆ. 1955ರ ಕೆಲವು ಪೆನ್ನಿಗಳಲ್ಲಿ ಕೊನೆಯ 5 ಮಾತ್ರ ಎರಡಾದಂತೆ ಕಾಣುತ್ತದೆ. ‘ಬಡವರ ಡಬಲ್ಡ್ ಡೈ’ ಎಂದು ಹೆಸರಿಟ್ಟು ಮಾರುತ್ತಾರೆ. ಅದು ಬರೀ ಸವೆದ ಅಚ್ಚಿನ ಫಲ. ದೊಡ್ಡ ದುಡ್ಡು ಕೊಡಬೇಡಿ.

ನಿಮ್ಮ ಡಬ್ಬಿಯಲ್ಲಿ 1983ರ ಪೆನ್ನಿಗಳಿದ್ದರೆ ಮಗುಚಿ ಹಿಂಬದಿಯ ಬರಹ ಎರಡೆರಡಾಗಿದೆಯೇ ನೋಡಿ. 1984ರದರಲ್ಲಿ ಲಿಂಕನ್‌ನ ಕಿವಿಯ ಕೆಳಗೆ ಇನ್ನೊಂದು ಕಿವಿಯ ತುದಿ ಇದೆಯೇ ಎಂದು ಹುಡುಕಿ. 1995ರದರಲ್ಲಿ ‘ಲಿಬರ್ಟಿ’ಯ ಮೇಲೆ ಕಣ್ಣಿಡಿ. ಸಿಕ್ಕಿದರೆ, ದಯವಿಟ್ಟು, ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಮೂಲ ಬಣ್ಣ ಒಮ್ಮೆ ಹೋದರೆ ಮರಳಿ ಬರುವುದಿಲ್ಲ, ಬೆಲೆಯೂ ಅದರೊಂದಿಗೇ ಹೋಗುತ್ತದೆ. ಅಂಚು ಹಿಡಿದು ಎತ್ತಿ, ಕಾಗದದ ಲಕೋಟೆಯಲ್ಲಿ ಒಂಟಿಯಾಗಿ ಇಡಿ.