40ರ ಮಸೂರಕ್ಕೆ ತಿರುಗಿಸಿದ ಕೂಡಲೇ ನೀರುಳ್ಳಿ ಎಲ್ಲಿ ಹೋಯಿತು?

ಪ್ರಶ್ನೆ: ಶಾಲೆಯ ಸೂಕ್ಷ್ಮದರ್ಶಕದಲ್ಲಿ 10ರ ಮಸೂರವಿಟ್ಟಾಗ ನೀರುಳ್ಳಿ ಸಿಪ್ಪೆಯ ಕೋಶಗಳು ಚೆನ್ನಾಗಿ ಕಂಡವು. 40ಕ್ಕೆ ತಿರುಗಿಸಿದರೆ ಕತ್ತಲೆ, ಎಲ್ಲ ಮಸುಕು. ದೊಡ್ಡದಾದಷ್ಟೂ ಚೆನ್ನಾಗಿ ಕಾಣಬೇಕಲ್ಲವೇ?
– ಹೈಸ್ಕೂಲು ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನಿನ್ನ ಸೂಕ್ಷ್ಮದರ್ಶಕ ಕೆಟ್ಟಿಲ್ಲ, ಮಗೂ. ಕಣ್ಣಿನ ಬಳಿಯ ಮಸೂರ 10, ಕೆಳಗಿನದು 10 ಇದ್ದಾಗ ನೀನು ನೋಡಿದ್ದು 100 ಪಟ್ಟು. ಕೆಳಗಿನದನ್ನು 40 ಮಾಡಿದಾಗ 400 ಪಟ್ಟು. ಆದರೆ ಕಾಣುವ ವೃತ್ತ ಅಷ್ಟೇ ಕಿರಿದಾಯಿತು. ಶಾಲೆಗಳಲ್ಲಿರುವ ಸಾಮಾನ್ಯ ಉಪಕರಣದಲ್ಲಿ ಸುಮಾರು 1.8 ಮಿ.ಮೀ. ಅಗಲದ ಜಾಗ 0.45 ಮಿ.ಮೀ.ಗೆ ಇಳಿಯುತ್ತದೆ. ನೀರುಳ್ಳಿಯ ಒಂದು ಕೋಶವೇ ಕಾಲು ಮಿ.ಮೀ.ನಷ್ಟು ಉದ್ದವಿರಬಹುದು. ನೀನು ನೋಡುತ್ತಿದ್ದ ಕೋಶ ಅಂಚಿನಲ್ಲಿದ್ದರೆ ಈಗ ವೃತ್ತದ ಹೊರಗಿದೆ. ಅದನ್ನು ಮೊದಲು ನಡುವಿಗೆ ತಂದು, ಆಮೇಲೆ ಮಸೂರ ತಿರುಗಿಸು. ಸಿಪ್ಪೆ ಇಟ್ಟ ಗಾಜನ್ನು ಬಲಕ್ಕೆ ಸರಿಸಿದರೆ ಬಿಂಬ ಎಡಕ್ಕೆ ಓಡುತ್ತದೆ, ಗಾಬರಿಯಾಗಬೇಡ. ಕತ್ತಲೆಗೆ ಮದ್ದು ಸುಲಭ: ಗಾಜಿಡುವ ಪೀಠದ ಕೆಳಗಿನ ಬೆಳಕಿನ ಕಿಂಡಿಯನ್ನು ಇನ್ನಷ್ಟು ತೆರೆ.

ಮಸುಕಿನ ವಿಷಯ ನನಗೆ ಬಹಳ ಇಷ್ಟ. 10ರ ಮಸೂರಕ್ಕೆ ಕೆಲವು ಮೈಕ್ರೋಮೀಟರ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಆಳದವರೆಗೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ. 40ಕ್ಕೆ ಹೆಚ್ಚುಕಡಿಮೆ ಒಂದೇ ಮೈಕ್ರೋಮೀಟರ್. ಕೋಶ ಅದಕ್ಕಿಂತ ಎಷ್ಟೋ ದಪ್ಪ. ಹಾಗಾಗಿ ನೀನು ನೋಡುವುದು ಅದರ ಒಂದು ತೆಳುವಾದ ಪದರವನ್ನು ಮಾತ್ರ. ಒಂದು ತೊಟ್ಟು ಅಯೋಡಿನ್ ಹಾಕಿ, ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗು. ಮೊದಲು ಮೇಲಿನ ಗೋಡೆ, ಅದು ಕರಗುತ್ತಿದ್ದಂತೆ ಹಳದಿಗಂದು ಕೋಶಕೇಂದ್ರ, ಕೊನೆಗೆ ಕೆಳಗಿನ ಗೋಡೆ. ಪುಸ್ತಕದಲ್ಲಿ ಚಪ್ಪಟೆಯಾಗಿದ್ದ ಕೋಶಕ್ಕೆ ಆಳವಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ದೊಡ್ಡ ತಿರುಪನ್ನು ಮಾತ್ರ ಈಗ ಮುಟ್ಟಬೇಡ. ಮಸೂರಕ್ಕೂ ಗಾಜಿಗೂ ನಡುವೆ ಒಂದು ಮಿ.ಮೀ. ಜಾಗವೂ ಇಲ್ಲ.

ಹಾಗಾದರೆ ಇನ್ನೂ ದೊಡ್ಡದು ಮಾಡುತ್ತಲೇ ಹೋಗಬಹುದೇ? ಬೇಕಲ ಕೋಟೆಯನ್ನು ದೂರದಿಂದ ಮೊಬೈಲಿನಲ್ಲಿ ಹಿಡಿದು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡು. ಬುರುಜು ಹಿರಿದಾಗುತ್ತದೆ, ಮುರಕಲ್ಲಿನ ಸಂದು ಮೂಡುವುದಿಲ್ಲ. ಸೂಕ್ಷ್ಮದರ್ಶಕದಲ್ಲೂ ಹಾಗೆಯೇ. 40ರ ಪಕ್ಕದಲ್ಲಿ 0.65 ಎಂದು ಕೊರೆದಿರುತ್ತದೆ. ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಹಿಡಿಯಬಲ್ಲದು ಎಂಬುದರ ಅಳತೆ ಅದು. ವಿವರ ಹೊಮ್ಮುವುದು ಅದರಿಂದ. ಆ ಅಂಕಿಯ ಸುಮಾರು ಸಾವಿರ ಪಟ್ಟು, ಎಂದರೆ ಇಲ್ಲಿ 650 ಪಟ್ಟು, ದಾಟಿ ಹಿಗ್ಗಿಸಿದರೆ ಹೊಸದೇನೂ ಕಾಣದು. ಬೆಳಕಿನ ಅಲೆಯ ಉದ್ದವೇ ಈ ಎಲ್ಲೆಯನ್ನು ಹಾಕುತ್ತದೆ ಎಂದು ಜರ್ಮನಿಯ ಭೌತವಿಜ್ಞಾನಿ ಅರ್ನ್‌ಸ್ಟ್ ಅಬ್ಬೆ 1873ರಲ್ಲೇ ತೋರಿಸಿದ್ದರು. ಅತ್ಯುತ್ತಮ ಮಸೂರದಲ್ಲೂ ಸುಮಾರು 0.2 ಮೈಕ್ರೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕಿಗಳು ಒಂದೇ ಚುಕ್ಕಿಯಾಗಿ ಕಾಣುತ್ತವೆ.

ಮಳೆಗಾಲದಲ್ಲಿ ತೋಟದಿಂದ ಕೊಳೆರೋಗ ಹಿಡಿದ ಒಂದು ಅಡಿಕೆ ತಂದು, ಅದರ ಮೇಲಿನ ಬಿಳಿ ಬೂಷ್ಟನ್ನು ಒಂದು ತೊಟ್ಟು ನೀರಿನಲ್ಲಿ ಇಟ್ಟು ನೋಡು. 10ರಲ್ಲಿ ನೂಲಿನಂತೆ ಹೆಣೆದುಕೊಂಡ ಇಡೀ ಬಲೆ ಕಾಣುತ್ತದೆ. ಅದರಲ್ಲಿ ಒಂದು ಪುಟ್ಟ ಗುಂಡನೆಯ ಚೀಲ ಸಿಕ್ಕಿದರೆ ನಡುವಿಗೆ ತಂದು 40ಕ್ಕೆ ತಿರುಗಿಸು.